ಕಿವಿ ಮೊದಲು, ನಾಲಿಗೆ ಆಮೇಲೆ: ಎಳೆಯ ಮಕ್ಕಳ ನುಡಿಗಲಿಕೆ

ಮಗುವಿಗೆ ಮಾತು ಬಂದದ್ದು ಯಾವಾಗ ಎಂದು ಕೇಳಿದರೆ ಮನೆಯವರು ಸಾಮಾನ್ಯವಾಗಿ ಅದು ಮೊದಲ ಪದವನ್ನು ಸ್ಪಷ್ಟವಾಗಿ ಆಡಿದ ತಿಂಗಳನ್ನು ಹೇಳುತ್ತಾರೆ. ಆದರೆ ಕಳೆದ ಹಲವು ದಶಕಗಳ ಸಂಶೋಧನೆಯನ್ನು ಒಟ್ಟಾಗಿ ಇಟ್ಟು ನೋಡಿದರೆ, ಆ ಮೊದಲ ಪದವು ಒಂದು ವರ್ಷಕ್ಕೂ ಹೆಚ್ಚು ಕಾಲ ಕಿವಿ ಮತ್ತು ಮಿದುಳಿನಲ್ಲಿ ಸದ್ದಿಲ್ಲದೆ ನಡೆದ ಕೆಲಸದ ಫಲವೆಂದೂ, ಮಗು ಆಡುವುದಕ್ಕಿಂತ ಬಹಳ ಮೊದಲೇ ಕೇಳಿ, ವಿಂಗಡಿಸಿ, ಅರ್ಥ ಮಾಡಿಕೊಂಡಿರುತ್ತದೆಂದೂ ತಿಳಿದುಬರುತ್ತದೆ. ಈ ಕ್ರಮವನ್ನು ಅರಿಯದೆ ಕೇವಲ ಬಾಯಿಂದ ಬರುವ ಪದಗಳನ್ನು ಎಣಿಸುತ್ತ ಕುಳಿತಾಗ ಎರಡು ಬಗೆಯ ತಪ್ಪುಗಳು ಆಗುತ್ತವೆ: ಸಹಜವಾಗಿ ಬೆಳೆಯುತ್ತಿರುವ ಮಗುವಿನ ಬಗ್ಗೆ ಅನಗತ್ಯ ಆತಂಕ ಹುಟ್ಟುತ್ತದೆ, ನಿಜವಾಗಿ ನೆರವು ಬೇಕಿರುವ ಮಗುವಿನ ಅಮೂಲ್ಯ ತಿಂಗಳುಗಳು ಕಾಯುವುದರಲ್ಲೇ ಕಳೆದುಹೋಗುತ್ತವೆ.

ಇಲ್ಲಿ ಎರಡು ಪರಿಭಾಷೆಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ತುಟಿ, ನಾಲಿಗೆ, ಗಂಟಲು ಮತ್ತು ಉಸಿರಿನ ಹೊಂದಾಣಿಕೆಯಿಂದ ಧ್ವನಿಗಳನ್ನು ಉಚ್ಚರಿಸುವ ದೈಹಿಕ ಕ್ರಿಯೆಯನ್ನು ತಜ್ಞರು 'ಮಾತು' ಎಂದು ಕರೆದರೆ, ಪದಗಳ ಅರ್ಥ, ಅವುಗಳನ್ನು ಜೋಡಿಸುವ ನಿಯಮ ಮತ್ತು ಸಂದರ್ಭಕ್ಕೆ ತಕ್ಕಂತೆ ಬಳಸುವ ತಿಳಿವಳಿಕೆ ಇವುಗಳ ಒಟ್ಟು ವ್ಯವಸ್ಥೆಯನ್ನು 'ಭಾಷೆ' ಎನ್ನುತ್ತಾರೆ. ಉಚ್ಚಾರ ತೊದಲುತ್ತಿದ್ದರೂ ಭಾಷೆ ಚೆನ್ನಾಗಿ ಬೆಳೆದಿರುವ ಮಕ್ಕಳಿದ್ದಾರೆ. ಉಚ್ಚಾರ ಸ್ಫುಟವಾಗಿದ್ದು, ಕೇಳಿದ್ದನ್ನೇ ಮರಳಿ ನುಡಿಯುವುದರಾಚೆಗೆ ಭಾಷೆ ಬೆಳೆಯದ ಮಕ್ಕಳೂ ಇದ್ದಾರೆ.

ಹುಟ್ಟುವ ಮೊದಲಿನ ಪಾಠ

ಗರ್ಭದಲ್ಲಿರುವ ಶಿಶುವಿನ ಕಿವಿ ಸುಮಾರು ಆರನೆಯ ತಿಂಗಳಿನಿಂದ ಹೊರಗಿನ ಸದ್ದಿಗೆ ಸ್ಪಂದಿಸತೊಡಗುತ್ತದೆ. ತಾಯಿಯ ದೇಹದ ಗೋಡೆ ಮತ್ತು ಗರ್ಭಜಲದ ಮೂಲಕ ಹಾದುಬರುವ ಮಾತಿನಲ್ಲಿ ವ್ಯಂಜನಗಳ ವಿವರಗಳು ಮಸುಕಾದರೂ, ಏರಿಳಿತ ಮತ್ತು ಲಯ ಬಹುಮಟ್ಟಿಗೆ ಉಳಿಯುತ್ತವೆ. ಹೀಗಾಗಿ ಮಗು ಹುಟ್ಟುವ ಹೊತ್ತಿಗೆ ತಾಯಿಯ ಧ್ವನಿಯೂ ಆಕೆಯಾಡುವ ಭಾಷೆಯ ರಾಗವೂ ಅದಕ್ಕೆ ಪರಿಚಿತವಾಗಿರುತ್ತವೆ. 1980ರಲ್ಲಿ ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಬಾಯಲ್ಲಿಟ್ಟ ರಬ್ಬರ್ ತೊಟ್ಟನ್ನು ಚೀಪುವ ಲಯವನ್ನು ಬದಲಿಸಿಕೊಂಡು, ಅಪರಿಚಿತ ಹೆಂಗಸಿನ ಧ್ವನಿಗಿಂತ ತಮ್ಮ ತಾಯಿಯ ಧ್ವನಿಯೇ ಹೆಚ್ಚು ಕೇಳಿಬರುವಂತೆ ಮಾಡಿಕೊಂಡವು. 2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 60 ನವಜಾತ ಶಿಶುಗಳ ಅಳುವನ್ನು ಧ್ವನಿಮುದ್ರಿಸಿ ವಿಶ್ಲೇಷಿಸಿದಾಗ, ಫ್ರೆಂಚ್ ಮನೆಗಳ ಮಕ್ಕಳ ಅಳು ಕೆಳಗಿನಿಂದ ಮೇಲಕ್ಕೆ ಏರುವ ಕಡೆಗೂ ಜರ್ಮನ್ ಮನೆಗಳ ಮಕ್ಕಳ ಅಳು ಮೇಲಿನಿಂದ ಕೆಳಕ್ಕೆ ಇಳಿಯುವ ಕಡೆಗೂ ವಾಲುವುದು ಕಂಡುಬಂತು. ಆಯಾ ಭಾಷೆಗಳ ವಾಕ್ಯಗಳ ಏರಿಳಿತವೂ ಇದೇ ಬಗೆಯದು.

ತಕಾರ-ಟಕಾರದ ಪರೀಕ್ಷೆ

ಮಾತಾಡದ ಶಿಶುವಿಗೆ ಯಾವ ಧ್ವನಿಗಳ ನಡುವಿನ ಭೇದ ತಿಳಿಯುತ್ತದೆ ಎಂಬುದನ್ನು ಪತ್ತೆ ಮಾಡುವ ದಾರಿಯನ್ನು 1971ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಪೀಟರ್ ಐಮಾಸ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಒಂದೇ ಧ್ವನಿ ಮತ್ತೆ ಮತ್ತೆ ಕೇಳಿದಾಗ ಶಿಶುವಿಗೆ ಬೇಸರವಾಗಿ ಚೀಪುವ ವೇಗ ತಗ್ಗುತ್ತದೆ; ಧ್ವನಿ ಬದಲಾಯಿತೆಂದು ಅದಕ್ಕೆ ಅನ್ನಿಸಿದರೆ ಕುತೂಹಲದಿಂದ ವೇಗ ಮತ್ತೆ ಏರುತ್ತದೆ. ಈ ಸರಳ ತತ್ತ್ವದಿಂದ, ಒಂದು ಮತ್ತು ನಾಲ್ಕು ತಿಂಗಳ ಶಿಶುಗಳು ಬಕಾರ-ಪಕಾರಗಳ ಭೇದವನ್ನು ದೊಡ್ಡವರಂತೆಯೇ ಗುರುತಿಸುತ್ತವೆ ಎಂಬುದು ಸಾಬೀತಾಯಿತು.

ಇದಕ್ಕಿಂತಲೂ ಭಾರತೀಯ ಭಾಷೆಗಳಿಗೆ ಹತ್ತಿರವಾದ ಪ್ರಯೋಗವನ್ನು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದರು. ಹಿಂದಿಯಲ್ಲಿ ನಾಲಿಗೆಯ ತುದಿ ಹಲ್ಲಿಗೆ ತಾಗಿ ಹುಟ್ಟುವ ತಕಾರಕ್ಕೂ, ನಾಲಿಗೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿ ಹುಟ್ಟುವ ಟಕಾರಕ್ಕೂ ಸ್ಪಷ್ಟ ಭೇದವಿದೆ. ಇಂಗ್ಲಿಷಿನಲ್ಲಿ ಈ ಭೇದದಿಂದ ಪದದ ಅರ್ಥ ಬದಲಾಗುವುದಿಲ್ಲ. ತಾಯಿಯ ತೊಡೆಯ ಮೇಲೆ ಕೂತ ಶಿಶುವಿಗೆ ಒಂದೇ ಧ್ವನಿಯನ್ನು ಎಡೆಬಿಡದೆ ಕೇಳಿಸುತ್ತ, ಧ್ವನಿ ಬದಲಾದ ಗಳಿಗೆಯಲ್ಲಿ ಪಕ್ಕದ ಪೆಟ್ಟಿಗೆಯೊಳಗೆ ದೀಪ ಹತ್ತಿ ಆಟಿಕೆಯ ಪ್ರಾಣಿಯೊಂದು ಕುಣಿಯುವಂತೆ ಏರ್ಪಾಡು ಮಾಡಲಾಗಿತ್ತು. ಎರಡು-ಮೂರು ಸಲ ಇದನ್ನು ಕಂಡ ಶಿಶು, ಧ್ವನಿ ಬದಲಾದೊಡನೆ ಆಟಿಕೆ ಕಾಣಿಸಿಕೊಳ್ಳುವ ಮೊದಲೇ ಆ ಕಡೆ ತಲೆ ತಿರುಗಿಸಿದರೆ, ಅದಕ್ಕೆ ಭೇದ ತಿಳಿಯಿತೆಂದೇ ಅರ್ಥ. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಹೀಗೆ ತಲೆ ತಿರುಗಿಸಿದವು. ಆದರೆ ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಅಂಥವುಗಳ ಸಂಖ್ಯೆ ತೀರ ಕಡಿಮೆಯಾಗಿತ್ತು. ಹಿಂದಿ ಕೇಳುತ್ತ ಬೆಳೆದ ಶಿಶುಗಳಲ್ಲಿ ಆ ಸಾಮರ್ಥ್ಯ ಹಾಗೆಯೇ ಉಳಿದಿತ್ತು.

'ಕತ್ತು'-'ಕಟ್ಟು', 'ಮುತ್ತು'-'ಮುಟ್ಟು' ಎಂಬ ಜೋಡಿಗಳಲ್ಲಿ ಅರ್ಥವನ್ನೇ ಬದಲಿಸುವ ಈ ಭೇದ ಕನ್ನಡದ ಮಗುವಿಗೆ ದಿನವೂ ಬೇಕಾದದ್ದು. ಶಿಶುವಿನ ಕಿವಿ ಮೊದಲು ಎಲ್ಲ ಭಾಷೆಗಳಿಗೂ ತೆರೆದುಕೊಂಡಿದ್ದು, ಮೊದಲ ಹುಟ್ಟುಹಬ್ಬದ ಹೊತ್ತಿಗೆ ತನ್ನ ಸುತ್ತಲಿನ ಭಾಷೆಯ ಅಗತ್ಯಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಬಳಕೆಯಿಲ್ಲದ ಭೇದಗಳನ್ನು ಬಿಟ್ಟುಕೊಡುವುದು ನಷ್ಟದಂತೆ ತೋರಿದರೂ, ಅದೇ ಮುಂದಿನ ಕಲಿಕೆಗೆ ನೆಲೆಯಾಗುತ್ತದೆ. ಈ ಕೆಲಸವೆಲ್ಲ ನಡೆಯುವುದು ಮಗು ಒಂದು ಪದವನ್ನೂ ಆಡದಿರುವಾಗ ಎಂಬುದು ಗಮನಿಸಬೇಕಾದ ಸಂಗತಿ.

ಇದೇ ಅವಧಿಯಲ್ಲಿ ಮತ್ತೊಂದು ಸಮಸ್ಯೆಯೂ ಬಗೆಹರಿಯಬೇಕಾಗಿರುತ್ತದೆ. ಬರಹದಲ್ಲಿ ಪದಗಳ ನಡುವೆ ತೆರಪಿರುವಂತೆ ಆಡುಮಾತಿನಲ್ಲಿ ಇರುವುದಿಲ್ಲ. 'ಏನ್ಮಾಡ್ತಿದೀಯ', 'ಎಲ್ಲಿಗ್ಹೋಗ್ತೀಯ' ಎಂಬ ಮಾತುಗಳು ಒಂದೇ ಉಸಿರಿನಲ್ಲಿ ಹರಿಯುತ್ತವೆ. 1996ರಲ್ಲಿ ಜೆನ್ನಿ ಸಾಫ್ರನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ ಅವರು ಅರ್ಥವಿಲ್ಲದ ಮೂರಕ್ಷರದ ಪದಗಳನ್ನು ಕಂಪ್ಯೂಟರ್ ಧ್ವನಿಯಲ್ಲಿ ಎಲ್ಲಿಯೂ ನಿಲ್ಲಿಸದೆ ಎರಡು ನಿಮಿಷ ಕೇಳಿಸಿದಾಗ, ಎಂಟು ತಿಂಗಳ ಶಿಶುಗಳು ಯಾವ ಅಕ್ಷರದ ಬೆನ್ನಿಗೆ ಯಾವ ಅಕ್ಷರ ಪದೇಪದೇ ಬರುತ್ತದೆ ಎಂಬ ಲೆಕ್ಕದಿಂದಲೇ ಪದಗಳ ಗಡಿಯನ್ನು ಗುರುತಿಸಿದವು. ಯಾರೂ ಹೇಳಿಕೊಡದ ಈ ಎಣಿಕೆಯ ಸಾಮರ್ಥ್ಯವೇ ಹರಿಯುವ ಸದ್ದಿನಿಂದ ಪದಗಳನ್ನು ಬಿಡಿಸಿಕೊಡುವ ಮೊದಲ ಸಾಧನ.

ತೊದಲಿನೊಳಗಿನ ಕ್ರಮ

ನವಜಾತ ಶಿಶುವಿನ ಧ್ವನಿಪೆಟ್ಟಿಗೆ ಗಂಟಲಿನಲ್ಲಿ ಮೇಲಕ್ಕೆ ಇರುತ್ತದೆ ಮತ್ತು ನಾಲಿಗೆ ಬಾಯಿಯ ಬಹುಭಾಗವನ್ನು ತುಂಬಿಕೊಂಡಿರುತ್ತದೆ. ಹಾಲು ಕುಡಿಯಲು ಅನುಕೂಲವಾದ ಈ ರಚನೆ ಉಚ್ಚಾರಕ್ಕೆ ಅನುಕೂಲವಲ್ಲ. ಎರಡು-ಮೂರು ತಿಂಗಳಲ್ಲಿ ಕೇಳಿಬರುವ 'ಊ', 'ಆ', 'ಗೂ' ಎಂಬ ಮೃದು ಸ್ವರಗಳಿಗೆ ಕೂಜನ ಎಂಬ ಹೆಸರಿದೆ. ಆರರಿಂದ ಹತ್ತು ತಿಂಗಳ ನಡುವೆ, ವ್ಯಂಜನ ಮತ್ತು ಸ್ವರ ಸರಿಯಾದ ಕಾಲಮಾನದಲ್ಲಿ ಕೂಡಿದ 'ಬಬಬ', 'ದದದ', 'ಮಮಮ' ಎಂಬ ಸರಣಿಗಳು ಆರಂಭವಾಗುತ್ತವೆ. ತಜ್ಞರು ಬ್ಯಾಬ್ಲಿಂಗ್ ಎಂದು ಕರೆಯುವ ಈ ತೊದಲು ನಿರರ್ಥಕವೆಂದು ತೋರಿದರೂ, ಮುಂದಿನ ಪದಗಳಿಗೆ ಬೇಕಾದ ಅನೇಕ ಅಕ್ಷರಗಳು ಅದರಲ್ಲಿ ಪಳಗುತ್ತವೆ.

ತೊದಲು ಬಾಯಿಯ ಆಟವಷ್ಟೇ ಆಗಿದ್ದರೆ ಕಿವಿ ಕೇಳದ ಮಕ್ಕಳಲ್ಲೂ ಅದು ಅದೇ ಕಾಲಕ್ಕೆ ಬರಬೇಕಿತ್ತು. ಕಿಂಬ್ರೋ ಆಲರ್ ಮತ್ತು ರೆಬೆಕಾ ಐಲರ್ಸ್ 1988ರಲ್ಲಿ ತೋರಿಸಿದಂತೆ, ಕಿವಿ ಕೇಳುವ ಮಕ್ಕಳಲ್ಲಿ ಹತ್ತು ತಿಂಗಳೊಳಗೆ ಬರುವ ಈ ಕ್ರಮಬದ್ಧ ತೊದಲು, ತೀವ್ರ ಶ್ರವಣದೋಷವಿರುವ ಮಕ್ಕಳಲ್ಲಿ ಹನ್ನೊಂದು ತಿಂಗಳು ಅಥವಾ ಅದಕ್ಕೂ ಬಹಳ ತಡವಾಗಿ ಕಾಣಿಸಿಕೊಳ್ಳುತ್ತದೆ. ಇನ್ನೊಂದೆಡೆ, ಕಿವಿ ಕೇಳದ ತಂದೆತಾಯಿಗಳ ಸಂಜ್ಞಾಭಾಷೆಯನ್ನು ಕಾಣುತ್ತ ಬೆಳೆದ ಕಿವುಡ ಶಿಶುಗಳು ಅದೇ ವಯಸ್ಸಿನಲ್ಲಿ ಕೈಬೆರಳುಗಳಿಂದ 'ತೊದಲುತ್ತವೆ' ಎಂದು ಲಾರಾ-ಆನ್ ಪೆಟಿಟೋ ಮತ್ತು ಪೌಲಾ ಮರೆಂಟೆಟ್ 1991ರಲ್ಲಿ ವರದಿ ಮಾಡಿದರು. ಭಾಷೆಯ ದಾರಿ ಕಿವಿಯದಾಗಲಿ ಕಣ್ಣಿನದಾಗಲಿ, ಒಳಬರುವುದು ಮೊದಲು, ಹೊರಹೊಮ್ಮುವುದು ನಂತರ ಎಂಬ ಕ್ರಮ ಮಾತ್ರ ಬದಲಾಗುವುದಿಲ್ಲ.

ತೊದಲಿನ ಈ ಅಕ್ಷರಗಳಿಗೂ ಮನೆಯವರ ಕರೆಗಳಿಗೂ ಇರುವ ನಂಟನ್ನು ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ 1960ರ ಒಂದು ಪ್ರಬಂಧದಲ್ಲಿ ವಿವರಿಸಿದ್ದರು: ತುಟಿ ಮತ್ತು ಹಲ್ಲಿನ ಬಳಿ ಸುಲಭವಾಗಿ ಹುಟ್ಟುವ ಮ, ಪ, ಬ, ತ, ದ ಧ್ವನಿಗಳಿಂದಲೇ ಜಗತ್ತಿನ ಅನೇಕ ಭಾಷೆಗಳಲ್ಲಿ ತಾಯಿ-ತಂದೆಯರ ಕರೆಪದಗಳು ರೂಪುಗೊಂಡಿವೆ. ಕನ್ನಡದ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅತ್ತೆ ಎಂಬ ಕರೆಗಳಲ್ಲೂ ಒಂದು ಸ್ವರ, ಒಂದು ದ್ವಿತ್ವ, ಮತ್ತೊಂದು ಸ್ವರ ಎಂಬ ಒಂದೇ ಅಚ್ಚು ಇದ್ದು, ಎರಡು ಬೇರೆ ವ್ಯಂಜನಗಳು ಕೂಡಿದ ಒತ್ತಕ್ಷರಕ್ಕಿಂತ ಒಂದೇ ವ್ಯಂಜನವನ್ನು ಒತ್ತಿ ಹಿಡಿಯುವ ದ್ವಿತ್ವ ಮಗುವಿನ ಬಾಯಿಗೆ ಸುಲಭವಾಗಿ ಒಗ್ಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ರಕಾರ, ಳಕಾರ, ಷಕಾರ ಮತ್ತು ಒತ್ತಕ್ಷರಗಳು ತಡವಾಗಿ ಹಿಡಿತಕ್ಕೆ ಬರುತ್ತವೆ. 'ಕುದುರೆ' ಎನ್ನಬೇಕಾದಲ್ಲಿ 'ಕುದುಲೆ', 'ಚಕ್ರ' ಎನ್ನಬೇಕಾದಲ್ಲಿ 'ತಕ್ಕ' ಎನ್ನುವುದು ಈ ವಯಸ್ಸಿನ ಸಹಜ ಸರಳೀಕರಣ. ದೊಡ್ಡವರು ಅದೇ ತಪ್ಪು ಉಚ್ಚಾರವನ್ನು ಅಣಕಿಸಿದಾಗ ಮಗು ಅದನ್ನು ಒಪ್ಪದಿರುವುದುಂಟು. ಸರಿಯಾದ ರೂಪ ಅದರ ಕಿವಿಯಲ್ಲಿ ಆಗಲೇ ನೆಲೆಸಿರುತ್ತದೆ ಎಂಬುದಕ್ಕೆ ಇದೊಂದು ಸುಳಿವು.

ಅರ್ಥವಾಗುವ ಪದ, ಆಡುವ ಪದ

ಮಗು ಆಡುವ ಪದಗಳಿಗೂ ಅದಕ್ಕೆ ಅರ್ಥವಾಗುವ ಪದಗಳಿಗೂ ನಡುವಿನ ಅಂತರ ಮೊದಲ ಎರಡು ವರ್ಷಗಳಲ್ಲಿ ಬಹಳ ದೊಡ್ಡದು. ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರರಿಂದ ಒಂಬತ್ತು ತಿಂಗಳ ಶಿಶುಗಳ ಮುಂದೆ ಚಿತ್ರಗಳನ್ನು ಇಟ್ಟು, ತಿನಿಸಿನ ಅಥವಾ ದೇಹದ ಅಂಗದ ಹೆಸರನ್ನು ತಾಯಿ ಅಥವಾ ತಂದೆ ಹೇಳಿದಾಗ, ಶಿಶುಗಳ ದೃಷ್ಟಿ ಸರಿಯಾದ ಚಿತ್ರದ ಮೇಲೆ ಹೆಚ್ಚು ಹೊತ್ತು ನಿಂತಿತು. ಅಂದರೆ ಮೊದಲ ಪದವನ್ನು ಆಡುವುದಕ್ಕೆ ಇನ್ನೂ ಅರ್ಧ ವರ್ಷ ಬಾಕಿಯಿರುವಾಗಲೇ ಕೆಲವು ಪದಗಳ ಅರ್ಥ ಮೊಳೆತಿರುತ್ತದೆ.

ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಬರುವ ಬೆರಳು ತೋರಿಸುವ ಅಭ್ಯಾಸಕ್ಕೆ ಪದಗಳ ಅರ್ಥ ಕಲಿಯುವುದರಲ್ಲಿ ವಿಶೇಷ ಮಹತ್ವವಿದೆ. ಮಗು ಹಾರುವ ಕಾಗೆಯತ್ತ ಬೆರಳು ಚಾಚಿ, ತಿರುಗಿ ಅಜ್ಜಿಯ ಮುಖ ನೋಡಿ, ಅಜ್ಜಿಯೂ ಅದನ್ನೇ ನೋಡುತ್ತಿದ್ದಾಳೆಂದು ಖಚಿತಪಡಿಸಿಕೊಳ್ಳುವುದನ್ನು 'ಹಂಚಿಕೊಂಡ ಗಮನ' ಎನ್ನುತ್ತಾರೆ. ಇಬ್ಬರ ಗಮನವೂ ಒಂದೇ ವಸ್ತುವಿನ ಮೇಲಿರುವ ಆ ಹೊತ್ತಿನಲ್ಲಿ ಬೀಳುವ 'ಕಾಗೆ' ಎಂಬ ಪದ ತನ್ನ ಅರ್ಥವನ್ನು ಸಂದೇಹವಿಲ್ಲದೆ ಹಿಡಿಯುತ್ತದೆ. ಸೂಸನ್ ಗೋಲ್ಡಿನ್-ಮೆಡೋ ಮತ್ತು ಸಹೋದ್ಯೋಗಿಗಳ ಅಧ್ಯಯನಗಳ ಪ್ರಕಾರ, ಎಳವೆಯಲ್ಲಿ ಸನ್ನೆಗಳನ್ನು ಹೆಚ್ಚಾಗಿ ಬಳಸುವ ಮಕ್ಕಳ ಪದಸಂಪತ್ತು ಮುಂದೆ ದೊಡ್ಡದಾಗಿರುವ ಸಾಧ್ಯತೆ ಹೆಚ್ಚು.

ಹನ್ನೆರಡು ತಿಂಗಳ ಆಸುಪಾಸಿನಲ್ಲಿ ಮೊದಲ ಪದ ಬರುತ್ತದೆ. ಎರಡು-ಮೂರು ತಿಂಗಳು ಹಿಂದೆ ಮುಂದೆ ಆಗುವುದು ಸಾಮಾನ್ಯ. ಒಂದೊಂದಾಗಿ ಸೇರುವ ಪದಗಳು ಸುಮಾರು ಐವತ್ತನ್ನು ಮುಟ್ಟಿದ ಮೇಲೆ, ಹೆಚ್ಚಾಗಿ ಒಂದೂವರೆ ವರ್ಷದ ನಂತರ, ಅನೇಕ ಮಕ್ಕಳಲ್ಲಿ ಹೊಸ ಪದಗಳ ವೇಗ ಒಮ್ಮೆಲೇ ಏರುತ್ತದೆ. ಈ ಹಂತದಲ್ಲಿ ಅರ್ಥದ ಗಡಿಗಳು ಇನ್ನೂ ಸಡಿಲವಾಗಿದ್ದು, ಹಸುವಿಗೆ ಕಲಿತ 'ಅಂಬಾ' ಎಮ್ಮೆಗೂ ಕತ್ತೆಗೂ ಸಲ್ಲುತ್ತದೆ. ಇರುವ ಕೆಲವೇ ಪದಗಳಿಂದ ಎದುರಿನ ಜಗತ್ತನ್ನೆಲ್ಲ ಹೆಸರಿಸುವ ಪ್ರಯತ್ನವಾದ ಇದನ್ನು 'ಅರ್ಥದ ಅತಿವಿಸ್ತರಣೆ' ಎನ್ನುತ್ತಾರೆ.

ಬುವ್ವ, ಮಮ್ಮು, ತಾಚಿ, ಟಾಟಾ, ಜೇಜೇ ಮುಂತಾದ ಮಕ್ಕಳ ಮಾತಿನ ಪದಗಳನ್ನು ಬಳಸುವುದು ಕಲಿಕೆಗೆ ಅಡ್ಡಿ ಎಂಬ ಅನಿಸಿಕೆ ಓದಿದ ಮನೆಗಳಲ್ಲಿ ಪ್ರಚಲಿತವಾಗಿದೆ. 1964ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಮರಾಠಿಯೂ ಸೇರಿದಂತೆ ಆರು ಭಾಷೆಗಳ ಇಂಥ ಪದಗಳನ್ನು ಹೋಲಿಸಿ, ತೀರ ಭಿನ್ನವಾದ ಸಮಾಜಗಳಲ್ಲೂ ಅವು ಸರಳ ಅಕ್ಷರ, ಪುನರಾವರ್ತನೆ ಮತ್ತು ಮಗುವಿನ ದಿನಚರಿಯ ವಸ್ತುಗಳ ಸುತ್ತಲೇ ರೂಪುಗೊಳ್ಳುತ್ತವೆ ಎಂದು ತೋರಿಸಿದರು. ದೊಡ್ಡವರು ಮಗುವಿನೊಡನೆ ಮಾತಾಡುವಾಗ ತಾವಾಗಿಯೇ ಧ್ವನಿಯನ್ನು ಏರಿಸಿ, ಸ್ವರಗಳನ್ನು ಎಳೆದು, ಅದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುವ ರೀತಿಯೂ ಶಿಶುವಿನ ಗಮನವನ್ನು ಹಿಡಿದಿಡುತ್ತದೆ. ಮಗು 'ಬುವ್ವ' ಎಂದಾಗ 'ಹೌದು, ಅನ್ನ ಉಣ್ಣೋಣ' ಎಂದು ಉತ್ತರಿಸುವ ಮನೆಯಲ್ಲಿ ಎರಡೂ ಪದಗಳು ಸಲೀಸಾಗಿ ಸೇರಿಕೊಳ್ಳುತ್ತವೆ.

ಕನ್ನಡದ ವ್ಯಾಕರಣ, ಎರಡು ವರ್ಷದ ಮಗು

ಒಂದೂವರೆಯಿಂದ ಎರಡು ವರ್ಷದ ನಡುವೆ ಪದಗಳು ಜೋಡಿಯಾಗತೊಡಗುತ್ತವೆ. ಹಾರ್ವರ್ಡಿನ ರೋಜರ್ ಬ್ರೌನ್ 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂವರು ಅಮೆರಿಕನ್ ಮಕ್ಕಳ ಮಾತನ್ನು ದೀರ್ಘಕಾಲ ದಾಖಲಿಸಿ, ಬೆಳವಣಿಗೆಯನ್ನು ವಾಕ್ಯದ ಸರಾಸರಿ ಉದ್ದದಿಂದ ಅಳೆಯುವ ಕ್ರಮವನ್ನು ನೆಲೆಗೊಳಿಸಿದರು. ಅವರು ಎಣಿಸಿದ್ದು ಪದಗಳನ್ನಲ್ಲ, ಪದದೊಳಗಿನ ಅರ್ಥದ ಅತಿ ಚಿಕ್ಕ ಘಟಕಗಳಾದ ಆಕೃತಿಮಾಗಳನ್ನು. ಪ್ರತ್ಯಯಗಳನ್ನು ಒಂದರ ಹಿಂದೊಂದು ಪೋಣಿಸುವ ಕನ್ನಡದಂಥ ಭಾಷೆಗೆ ಈ ಎಚ್ಚರ ಇನ್ನಷ್ಟು ಅಗತ್ಯ. 'ಅಜ್ಜಿಗೆ' ಎಂಬುದು ಬರಹದಲ್ಲಿ ಒಂದೇ ಪದವಾದರೂ ಅದರಲ್ಲಿ ವ್ಯಕ್ತಿಯೂ ಚತುರ್ಥಿ ವಿಭಕ್ತಿಯೂ ಇವೆ. 'ಬರಲ್ಲ' ಎಂಬುದರಲ್ಲಿ ಕ್ರಿಯೆಯೂ ನಿಷೇಧವೂ ಇವೆ. 'ಬಿದ್ಹೋಯ್ತು' ಎಂಬುದರಲ್ಲಿ ಎರಡು ಧಾತುಗಳು, ಭೂತಕಾಲ ಮತ್ತು ಲಿಂಗ-ವಚನದ ಗುರುತು ಒಟ್ಟಿಗಿವೆ. ಇಂಗ್ಲಿಷಿಗಾಗಿ ರೂಪಿಸಿದ ಪದಗಳ ಎಣಿಕೆಯನ್ನು ಹಾಗೆಯೇ ತಂದು ಹೊಂದಿಸಿದರೆ, ಇಂಥ ರೂಪಗಳನ್ನು ಆಡುವ ಮಗುವಿನ ವ್ಯಾಕರಣ ಲೆಕ್ಕಕ್ಕೇ ಬರುವುದಿಲ್ಲ. ಕನ್ನಡದಂತೆಯೇ ಪ್ರತ್ಯಯಗಳನ್ನು ಪೋಣಿಸುವ ಟರ್ಕಿ ಭಾಷೆಯ ಮಕ್ಕಳು ಎರಡು ವರ್ಷದ ಹೊತ್ತಿಗೆ ವಿಭಕ್ತಿಗಳನ್ನು ಸರಿಯಾಗಿ ಬಳಸುತ್ತಾರೆ ಎಂಬುದನ್ನು ಡಾನ್ ಸ್ಲೋಬಿನ್ ಅವರ ಅಧ್ಯಯನಗಳು ತೋರಿಸಿವೆ. ಪ್ರತ್ಯಯಗಳು ಸ್ಪಷ್ಟವೂ ನಿಯತವೂ ಆಗಿರುವ ಭಾಷೆಯಲ್ಲಿ ಅವು ಬೇಗ ಹಿಡಿತಕ್ಕೆ ಬರುತ್ತವೆ.

ನಿಷೇಧದ ಕಲಿಕೆಯಲ್ಲಿ ಕನ್ನಡದ ಮಗುವಿನ ದಾರಿ ಇನ್ನೂ ಸ್ಪಷ್ಟವಾಗಿ ಬೇರೆಯಾಗುತ್ತದೆ. ಲೋಯಿಸ್ ಬ್ಲೂಮ್ 1970ರಲ್ಲಿ ಇಂಗ್ಲಿಷ್ ಮಕ್ಕಳ ಮಾತನ್ನು ವಿಶ್ಲೇಷಿಸಿ, ನಿರಾಕರಣೆಯ ಹಿಂದೆ ಮೂರು ಭಿನ್ನ ಅರ್ಥಗಳನ್ನು ಗುರುತಿಸಿದರು: ವಸ್ತು ಇಲ್ಲವೆನ್ನುವುದು, ಕೊಟ್ಟದ್ದನ್ನು ಒಲ್ಲೆನೆನ್ನುವುದು, ಹೇಳಿದ್ದು ನಿಜವಲ್ಲವೆನ್ನುವುದು. ಇಂಗ್ಲಿಷಿನ ಎಳೆಯ ಮಗು ಮೂರಕ್ಕೂ 'ನೋ' ಎಂಬ ಒಂದೇ ಪದವನ್ನು ಬಳಸುವುದರಿಂದ ಅರ್ಥವನ್ನು ಸಂದರ್ಭದಿಂದ ಊಹಿಸಬೇಕಾಗುತ್ತದೆ. ಕನ್ನಡದಲ್ಲಾದರೋ ಹಾಲು ಮುಗಿದಾಗ 'ಇಲ್ಲ', ಹಾಲು ಕೊಟ್ಟಾಗ 'ಬೇಡ', ಮಜ್ಜಿಗೆಯನ್ನು ತೋರಿಸಿ ಹಾಲೆಂದಾಗ 'ಅಲ್ಲ' ಎಂದು ಮೂರು ಬೇರೆ ಪದಗಳು ಸಿದ್ಧವಾಗಿವೆ. ಕನ್ನಡದ ಮಗು ಯಾವುದನ್ನು ಯಾವಾಗ ಆರಿಸುತ್ತದೆ ಎಂಬುದನ್ನು ಗಮನಿಸುವ ತಾಯಿಗೆ ಅದರ ಒಳಗಿನ ವಿಂಗಡಣೆ ನೇರವಾಗಿಯೇ ಕಾಣುತ್ತದೆ. ಇದೇ ಬಗೆಯ ಪದಭೇದವಿರುವ ತಮಿಳಿನ ಮಕ್ಕಳಲ್ಲಿ ನಿಷೇಧದ ಬೆಳವಣಿಗೆಯನ್ನು ಆರ್. ವೈದ್ಯನಾಥನ್ 1991ರಲ್ಲಿ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ.

ಕನ್ನಡದ ಮಕ್ಕಳೇ ಅಂತರರಾಷ್ಟ್ರೀಯ ಚರ್ಚೆಯೊಂದರ ಕೇಂದ್ರಕ್ಕೆ ಬಂದದ್ದು 2003ರಲ್ಲಿ, ಜೆಫ್ರಿ ಲಿಡ್ಜ್, ಹೆನ್ರಿ ಗ್ಲೀಟ್‌ಮನ್ ಮತ್ತು ಲೀಲಾ ಗ್ಲೀಟ್‌ಮನ್ ಅವರ ಸಂಶೋಧನೆಯಿಂದ. 'ಕುದುರೆ ಓಡಿತು' ಎಂಬಲ್ಲಿ ಒಂದೇ ನಾಮಪದವಿದೆ. 'ಹುಡುಗ ಕುದುರೆಯನ್ನು ಓಡಿಸಿದ' ಎಂಬಲ್ಲಿ ಎರಡು ನಾಮಪದಗಳ ಜೊತೆಗೆ, ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸುವುದನ್ನು ಸೂಚಿಸುವ ಪ್ರೇರಣಾರ್ಥಕ '-ಇಸು' ಪ್ರತ್ಯಯವೂ ಇದೆ. ಈ ಪ್ರತ್ಯಯ ಕನ್ನಡದಲ್ಲಿ ತುಂಬ ನಂಬಲರ್ಹವಾದ ಸುಳಿವಾದ್ದರಿಂದ ಮಕ್ಕಳು ಅದನ್ನೇ ಆಧರಿಸಿಯಾರು ಎಂಬ ನಿರೀಕ್ಷೆ ಸಹಜ. ಆದರೆ ಪ್ರತ್ಯಯವೂ ನಾಮಪದಗಳ ಸಂಖ್ಯೆಯೂ ಪರಸ್ಪರ ಹೊಂದದ ವಿಚಿತ್ರ ವಾಕ್ಯಗಳನ್ನು ಹೇಳಿ, ಆಟಿಕೆಗಳಿಂದ ಅಭಿನಯಿಸಿ ತೋರಿಸಲು ಕೇಳಿದಾಗ, ಮೂರು ವರ್ಷದ ಮಕ್ಕಳು ಪ್ರತ್ಯಯವನ್ನು ಬದಿಗಿಟ್ಟು ನಾಮಪದಗಳ ಸಂಖ್ಯೆಯನ್ನೇ ಅನುಸರಿಸಿದರು. ವಯಸ್ಕರು ಪ್ರತ್ಯಯಕ್ಕೆ ಬೆಲೆ ಕೊಟ್ಟರು. ಕೇಳಿದ ಮಾತಿನ ಎಣಿಕೆಯಷ್ಟೇ ಕಲಿಕೆಯನ್ನು ನಡೆಸುವುದಾದರೆ ಹೀಗಾಗಬಾರದಿತ್ತೆಂದೂ, ಘಟನೆಯಲ್ಲಿ ಎಷ್ಟು ಪಾತ್ರಗಳಿವೆಯೋ ವಾಕ್ಯದಲ್ಲಿ ಅಷ್ಟು ನಾಮಪದಗಳಿರುತ್ತವೆ ಎಂಬ ನಿರೀಕ್ಷೆಯನ್ನು ಮಗು ತನ್ನೊಡನೆ ತರುತ್ತದೆಂದೂ ಈ ಸಂಶೋಧಕರು ವಾದಿಸಿದರು. ಭಾಷಾಸಾಮರ್ಥ್ಯದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಪರಿಸರದಿಂದ ಬಂದದ್ದೆಷ್ಟು ಎಂಬ, ಭಾಷಾಶಾಸ್ತ್ರಜ್ಞ ನೋಮ್ ಚಾಮ್‌ಸ್ಕಿಯವರ ಕಾಲದಿಂದ ನಡೆದುಬಂದ ವಾದದಲ್ಲಿ ಕನ್ನಡದ ಸಾಕ್ಷ್ಯಕ್ಕೂ ಹೀಗೆ ಜಾಗ ದೊರಕಿತು.

ಮಗು ಕೇಳಿದ್ದನ್ನು ಬರಿದೆ ಅನುಕರಿಸುವುದಿಲ್ಲ ಎಂಬುದಕ್ಕೆ ಅದರ ತಪ್ಪುಗಳೂ ಆಧಾರ. 'ನೋಡ್ದೆ', 'ಮಾಡ್ದೆ', 'ಓಡ್ದೆ' ಎಂಬ ಮಾದರಿಯಲ್ಲಿ ಮಗು 'ಕೊಡ್ದೆ' ಎಂದರೆ, ದೊಡ್ಡವರ್ಯಾರೂ ಆಡದ ಆ ರೂಪವನ್ನು ಅದು ನಿಯಮದಿಂದಲೇ ಕಟ್ಟಿದೆ ಎಂದಾಯಿತು. 1958ರಲ್ಲಿ ಜೀನ್ ಬರ್ಕೊ, ಮಕ್ಕಳು ಎಂದೂ ಕೇಳಿರದ ಕಟ್ಟುಪದಗಳಿಗೂ ಇಂಗ್ಲಿಷಿನ ಬಹುವಚನ ಮತ್ತು ಭೂತಕಾಲದ ಪ್ರತ್ಯಯಗಳನ್ನು ಸರಿಯಾಗಿ ಹಚ್ಚುತ್ತಾರೆಂದು ತೋರಿಸಿ ಇದನ್ನೇ ಸ್ಥಾಪಿಸಿದ್ದರು. ಆದ್ದರಿಂದ 'ಕೊಡ್ದೆ' ಎಂಬುದು ಗದರಿಸಿ ತಿದ್ದಬೇಕಾದ ತಪ್ಪಲ್ಲ. 'ಹೌದಾ, ಅಜ್ಜನಿಗೆ ಕೊಟ್ಯಾ?' ಎಂದು ಸರಿಯಾದ ರೂಪವನ್ನು ಮಾತಿನೊಳಗೇ ಮರಳಿಸಿದರೆ ಸಾಕು.

ಎಷ್ಟು ಮಾತು, ಯಾರ ಮಾತು

1995ರಲ್ಲಿ ಬೆಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅಮೆರಿಕದ ಕ್ಯಾನ್ಸಸ್‌ನ 42 ಕುಟುಂಬಗಳನ್ನು ಅಧ್ಯಯನ ಮಾಡಿ, ಉಳ್ಳವರ ಮತ್ತು ಬಡವರ ಮನೆಯ ಮಕ್ಕಳು ಎಳವೆಯಲ್ಲಿ ಕೇಳುವ ಪದಗಳ ಒಟ್ಟು ಸಂಖ್ಯೆಯಲ್ಲಿ ಮೂರು ಕೋಟಿಯ ಅಂತರವಿದೆ ಎಂದು ಅಂದಾಜಿಸಿದ್ದು ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಆ ಅಂದಾಜನ್ನು ನಂತರದ ಸಂಶೋಧಕರು ಗಟ್ಟಿಯಾಗಿ ಪ್ರಶ್ನಿಸಿದ್ದಾರೆ. ಮನೆಯಲ್ಲಿ ಅಜ್ಜಿ, ಚಿಕ್ಕಮ್ಮ, ಅಣ್ಣ-ಅಕ್ಕಂದಿರು ಆಡುವ, ಮಗುವಿನ ಕಿವಿಗೂ ಬೀಳುವ ಮಾತನ್ನು ಲೆಕ್ಕಕ್ಕೆ ಹಿಡಿದರೆ ಅಂತರ ಬಹಳಷ್ಟು ಕರಗುತ್ತದೆ ಎಂಬುದು ಒಂದು ಮುಖ್ಯ ಆಕ್ಷೇಪ. ಮೆಕ್ಸಿಕೋದ ಚಿಯಾಪಾಸ್ ಪ್ರಾಂತದ ತ್ಸೆಲ್ತಾಲ್ ಮಾಯಾ ಸಮುದಾಯದಲ್ಲಿ ಮಗುವನ್ನೇ ಉದ್ದೇಶಿಸಿ ಆಡುವ ಮಾತು ಗಂಟೆಗೆ ನಾಲ್ಕು ನಿಮಿಷಕ್ಕಿಂತ ಕಡಿಮೆ ಎಂದು ಮರಿಸಾ ಕಸಿಯಾಸ್ ಮತ್ತು ಸಂಗಡಿಗರು 2020ರಲ್ಲಿ ವರದಿ ಮಾಡಿದರು. ಆದರೂ ಅಲ್ಲಿನ ಮಕ್ಕಳು ತೊದಲು, ಮೊದಲ ಪದ ಮತ್ತು ಪದಜೋಡಣೆಯ ಹಂತಗಳನ್ನು ಇತರ ಕಡೆಯ ಮಕ್ಕಳ ವಯಸ್ಸಿನಲ್ಲೇ ಮುಟ್ಟುತ್ತಾರೆ. ಒಂದು ದೇಶದ ಮಧ್ಯಮ ವರ್ಗದ ಮನೆಯನ್ನೇ ಮಾದರಿಯಾಗಿಟ್ಟು ಇತರರ ಪಾಲನೆಯನ್ನು ಕೊರತೆಯೆಂದು ತೀರ್ಮಾನಿಸುವುದು ಹೀಗಾಗಿ ಸರಿಯಲ್ಲ.

ಹಾಗಿದ್ದರೂ ಎದುರಿನಲ್ಲಿ ಜೀವಂತ ಮನುಷ್ಯ ಇರಬೇಕೆಂಬ ವಿಷಯದಲ್ಲಿ ಸಾಕ್ಷ್ಯ ದೃಢವಾಗಿದೆ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ನಾಲ್ಕು ವಾರಗಳಲ್ಲಿ 12 ಬಾರಿ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ನೆಲದ ಮೇಲೆ ಕೂತು ಪುಸ್ತಕ ಓದಿ, ಆಟಿಕೆಗಳಿಂದ ಆಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅವರದೇ ಮಾತನ್ನು ಪರದೆಯ ಮೇಲೆ ಅಥವಾ ಕೇವಲ ಧ್ವನಿಮುದ್ರಣದಲ್ಲಿ ಕೇಳಿದ ಶಿಶುಗಳು ಏನನ್ನೂ ಕಲಿಯಲಿಲ್ಲ. ಮಗು ಬೆರಳು ತೋರಿಸಿದ ಕಡೆ ಪರದೆ ತಿರುಗುವುದಿಲ್ಲ, ಅದರ ತೊದಲಿಗೆ ಕಾದು ಉತ್ತರಿಸುವುದೂ ಇಲ್ಲ. ಎರಡು ವರ್ಷದೊಳಗೆ ಪರದೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದ್ದು ಈ ಹಿನ್ನೆಲೆಗೂ ಹೊಂದುತ್ತದೆ. ಉಣ್ಣಿಸುವಾಗ ಮೊಬೈಲ್ ಹಿಡಿದುಕೊಡುವ ರೂಢಿಯಲ್ಲಿ ಹೋಗುವುದು, ದಿನಕ್ಕೆ ಮೂರು ಬಾರಿ ಎದುರುಬದುರು ಕೂತು ಮಾತಾಡುವ ಅವಕಾಶ.

ಮನೆಯಲ್ಲಿ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು ಅಥವಾ ತೆಲುಗು ಕೇಳುವುದು ಕರ್ನಾಟಕದ ಅನೇಕ ಮಕ್ಕಳ ನಿತ್ಯದ ಅನುಭವ. ಎರಡು ಭಾಷೆಗಳಿಂದ ಮಗುವಿಗೆ ಗೊಂದಲವಾಗಿ ಮಾತು ತಡವಾಗುತ್ತದೆ ಎಂಬ ನಂಬಿಕೆಗೆ ಸಂಶೋಧನೆಯ ಬೆಂಬಲವಿಲ್ಲ. ದ್ವಿಭಾಷಿಕ ಮಕ್ಕಳ ಪದಸಂಪತ್ತನ್ನು ಒಂದೇ ಭಾಷೆಯಲ್ಲಿ ಅಳೆದಾಗ ಚಿಕ್ಕದಾಗಿ ಕಂಡರೂ ಎರಡನ್ನೂ ಕೂಡಿಸಿ ಎಣಿಸಿದಾಗ ಅದು ಏಕಭಾಷಿಕ ಮಕ್ಕಳಿಗೆ ಸಮನಾಗಿ ನಿಲ್ಲುತ್ತದೆ. ಮಾತು ತಡವಾಯಿತೆಂದು ಮನೆಮಾತನ್ನು ಕೈಬಿಟ್ಟು, ತಾಯಿಗೇ ಸರಿಯಾಗಿ ಬಾರದ ಇಂಗ್ಲಿಷಿಗೆ ಹೊರಳುವುದರಿಂದ ಮಗು ಕಳೆದುಕೊಳ್ಳುವುದು ತನ್ನ ಅತ್ಯಂತ ಸಮೃದ್ಧ ಮೂಲವನ್ನು.

ಮಾತು ತಡವಾದಾಗ

ಎರಡು ವರ್ಷ ತುಂಬಿದರೂ ಸುಮಾರು ಐವತ್ತು ಪದಗಳಿಲ್ಲದ ಅಥವಾ ಎರಡು ಪದಗಳನ್ನು ಜೋಡಿಸದ ಮಕ್ಕಳನ್ನು 'ತಡವಾಗಿ ಮಾತಾಡುವವರು' ಎಂದು ಗುರುತಿಸುತ್ತಾರೆ. ಇವರಲ್ಲಿ ಅನೇಕರು ಮುಂದೆ ತಾವಾಗಿಯೇ ಇತರರನ್ನು ಕೂಡಿಕೊಳ್ಳುತ್ತಾರೆ; ಹೇಳಿದ್ದೆಲ್ಲ ಅರ್ಥವಾಗುವ, ಸನ್ನೆಗಳಿಂದ ಚುರುಕಾಗಿ ವ್ಯವಹರಿಸುವ ಮಗುವಿನ ವಿಷಯದಲ್ಲಿ ಭರವಸೆ ಹೆಚ್ಚು. ಅರ್ಥ ಮಾಡಿಕೊಳ್ಳುವುದರಲ್ಲೇ ಕೊರತೆಯಿದ್ದರೆ ಕಾಯುವುದು ಸಲ್ಲ. ಹನ್ನೆರಡು ತಿಂಗಳಾದರೂ ತೊದಲು ಅಥವಾ ಬೆರಳು ತೋರಿಸುವಂಥ ಸನ್ನೆ ಇಲ್ಲದಿರುವುದು, ಹದಿನಾರು ತಿಂಗಳಾದರೂ ಒಂದು ಪದವೂ ಇಲ್ಲದಿರುವುದು, ಹೆಸರು ಹಿಡಿದು ಕರೆದರೆ ತಿರುಗದಿರುವುದು ಮತ್ತು ಯಾವುದೇ ವಯಸ್ಸಿನಲ್ಲಾಗಲಿ ಬಂದಿದ್ದ ಮಾತು ನಿಂತುಹೋಗುವುದು ತಜ್ಞರ ಬಳಿ ಹೋಗಲೇಬೇಕಾದ ಲಕ್ಷಣಗಳು. ಎರಡರಿಂದ ನಾಲ್ಕು ವರ್ಷದ ನಡುವೆ ಕೆಲಕಾಲ ಕಾಣಿಸಿಕೊಳ್ಳುವ ಉಗ್ಗು ಮಾತ್ರ ಬಹುಪಾಲು ಮಕ್ಕಳಲ್ಲಿ ತಾನೇ ಕಡಿಮೆಯಾಗುತ್ತದೆ.

ಹಳೆಯ ಮನೆಗಳಲ್ಲಿ ಮಾತು ಸ್ಫುಟವಾಗಲೆಂದು ಬಜೆಯನ್ನು ತೇಯ್ದು ಶಿಶುವಿನ ನಾಲಿಗೆಗೆ ಹಚ್ಚುವ ಪದ್ಧತಿ ಇದೆ. ನಾಲಿಗೆಯ ಕೆಳಗಿನ ಪೊರೆ ಬಿಗಿದಿರುವುದೇ ತಡಕ್ಕೆ ಕಾರಣವೆಂದು ನಂಬುವವರೂ ಇದ್ದಾರೆ. ಎರಡರಲ್ಲೂ ದೋಷವನ್ನು ನಾಲಿಗೆಯಲ್ಲಿ ಹುಡುಕುವ ಪ್ರವೃತ್ತಿ ಇದೆ. ಆದರೆ ಮೊದಲು ಪರೀಕ್ಷಿಸಬೇಕಾದುದು ಕಿವಿಯನ್ನು. ಸಾವಿರ ಶಿಶುಗಳಲ್ಲಿ ಒಂದೆರಡು ಶಾಶ್ವತ ಶ್ರವಣದೋಷದೊಂದಿಗೆ ಹುಟ್ಟುತ್ತವೆ. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ರೂಢಿಯಲ್ಲಿರುವ ಸೋದರಮಾವನೊಡನೆ ಅಥವಾ ಅತ್ತೆ-ಮಾವಂದಿರ ಮಕ್ಕಳೊಡನೆ ನಡೆಯುವ ಮದುವೆಯಿಂದ ಆನುವಂಶಿಕ ಕಿವುಡಿನ ಸಂಭವ ಹೆಚ್ಚುತ್ತದೆ. ಇದಲ್ಲದೆ ಪದೇಪದೇ ಕಿವಿ ಸೋರುವ ಮಗುವಿಗೂ ಆಗಾಗ ಮಾತು ಮಂದವಾಗಿ ಕೇಳಿಸುತ್ತಿರುತ್ತದೆ. ಬಾಗಿಲು ಬಡಿದ ಸದ್ದಿಗೆ ಬೆಚ್ಚಿದ ಮಾತ್ರಕ್ಕೆ ಕಿವಿ ಚೆನ್ನಾಗಿದೆ ಎನ್ನುವಂತಿಲ್ಲ. ಜೋರು ಸದ್ದು ಕೇಳಿದರೂ ಸಕಾರ, ಶಕಾರಗಳಂಥ ಕ್ಷೀಣ ಧ್ವನಿಗಳು ಕೇಳದಿರಬಹುದು.

ಕಿವಿಯ ಪರೀಕ್ಷೆಯಿಂದ ಮಗುವಿಗೆ ನೋವಾಗುವುದಿಲ್ಲ. ಮಲಗಿರುವ ಶಿಶುವಿನ ಕಿವಿಯೊಳಗೆ ಪುಟ್ಟ ಬಿರಡೆಯಂಥ ಉಪಕರಣವಿಟ್ಟು ಮೆಲ್ಲಗೆ ಟಿಕ್ ಟಿಕ್ ಸದ್ದು ಮಾಡಿದರೆ, ಆರೋಗ್ಯವಂತ ಒಳಗಿವಿ ಅದಕ್ಕೆ ಪ್ರತಿಯಾಗಿ ಕೇಳಿಸದಷ್ಟು ಸಣ್ಣ ಸದ್ದನ್ನು ಹೊರಡಿಸುತ್ತದೆ. ಅದನ್ನು ದಾಖಲಿಸುವ ಈ ಕ್ರಮಕ್ಕೆ ಓಎಇ ಎಂದು ಹೆಸರು. ಅದರಲ್ಲಿ ಸಂಶಯ ಬಂದರೆ, ತಲೆಗೆ ಅಂಟಿಸಿದ ತಂತಿಗಳ ಮೂಲಕ ಸದ್ದಿಗೆ ಶ್ರವಣನರ ಮತ್ತು ಮಿದುಳಿನ ಕಾಂಡ ಕೊಡುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಬೆರಾ ಪರೀಕ್ಷೆ ಮಾಡುತ್ತಾರೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಗುರಿ. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಪಡೆದ ಮಕ್ಕಳ ಭಾಷೆ, ನಂತರ ಪತ್ತೆಯಾದವರದಕ್ಕಿಂತ ಗಮನಾರ್ಹವಾಗಿ ಮುಂದಿರುತ್ತದೆ ಎಂದು ಕ್ರಿಸ್ಟೀನ್ ಯೋಶಿನಾಗ-ಇಟಾನೋ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ತಕಾರ-ಟಕಾರದ ಪ್ರಯೋಗ ಗುರುತಿಸಿದ ಕಾಲಾವಧಿಯೊಡನೆ ಇದನ್ನು ಇಟ್ಟು ನೋಡಿದರೆ ಕಾರಣ ಸ್ಪಷ್ಟ: ಕಿವಿ ಮನೆಮಾತಿಗೆ ಹೊಂದಿಕೊಳ್ಳುವ ತಿಂಗಳುಗಳು ಇವೇ.

ಕರ್ನಾಟಕದಲ್ಲಿ ಈ ಸೌಲಭ್ಯಕ್ಕೆ ಹಳೆಯ ತಳಹದಿ ಇದೆ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನವಜಾತ ಶಿಶುಗಳ ಶ್ರವಣ ತಪಾಸಣೆ, ವಾಕ್ ಚಿಕಿತ್ಸೆ ಮತ್ತು ತಜ್ಞರ ತರಬೇತಿಯನ್ನು ನಡೆಸುತ್ತ ಬಂದಿದೆ. 2013ರಲ್ಲಿ ದೇಶದಾದ್ಯಂತ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶ್ರವಣದೋಷ ಮತ್ತು ಭಾಷಾ ವಿಳಂಬವನ್ನು ತನ್ನ ತಪಾಸಣೆಯ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದು, ಸಂಶಯವಿರುವ ಮಕ್ಕಳನ್ನು ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳಿಸುವ ವ್ಯವಸ್ಥೆ ಮಾಡಿದೆ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳನ್ನು ಆಟ ಮತ್ತು ಮಾತಿನಿಂದ ಪ್ರಚೋದಿಸಲು ಕೇಂದ್ರ ಸರ್ಕಾರ 2024ರಲ್ಲಿ 'ನವಚೇತನಾ' ಎಂಬ ರಾಷ್ಟ್ರೀಯ ಚೌಕಟ್ಟನ್ನೂ ಪ್ರಕಟಿಸಿದೆ. ಅಂಗನವಾಡಿಗೆ ದಿನವೂ ಬಂದು ಕೂರುವವರು ಮೂರು ವರ್ಷ ದಾಟಿದ ಮಕ್ಕಳು. ಭಾಷೆಯ ಅತ್ಯಂತ ನಿರ್ಣಾಯಕ ಅವಧಿ ಅಷ್ಟರಲ್ಲಿ ಕಳೆದಿರುತ್ತದೆ. ಆದ್ದರಿಂದ ಲಸಿಕೆಗಾಗಿ ಮಗುವನ್ನು ಎತ್ತಿಕೊಂಡು ಬರುವ ತಾಯಿಯನ್ನು ಮೊದಲ ವರ್ಷದಲ್ಲೇ ಹಲವು ಬಾರಿ ಕಾಣುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಕೇಳಬೇಕಾದ ಪ್ರಶ್ನೆಗಳೇ ಹೆಚ್ಚಿನ ಬೆಲೆಯವು: ಹೆಸರು ಕರೆದರೆ ಮಗು ತಿರುಗುತ್ತದೆಯೇ, ತೊದಲುತ್ತದೆಯೇ, ಬೆರಳು ತೋರಿಸುತ್ತದೆಯೇ, ಸನ್ನೆಯಿಲ್ಲದೆ ಹೇಳಿದ ಮಾತು ಅದಕ್ಕೆ ತಿಳಿಯುತ್ತದೆಯೇ. ಎಷ್ಟು ಪದ ಆಡುತ್ತದೆ ಎಂಬ ಪ್ರಶ್ನೆಗೆ ಎರಡು ವರ್ಷ ಕಾಯಬೇಕಾಗುತ್ತದೆ. ಈ ನಾಲ್ಕು ಪ್ರಶ್ನೆಗಳಿಗೆ ಒಂದು ವರ್ಷದ ಆಸುಪಾಸಿನಲ್ಲೇ ಉತ್ತರ ಸಿಗುತ್ತದೆ, ಆ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ನೆರವಿಗೆ ಸಮಯವೂ ಉಳಿದಿರುತ್ತದೆ.